ಕೊಕ್ಕರೆ, ಸೋಲಾರ್, ಜಿಂಕೆ: ಡ್ರೈವರಣ್ಣನ ಫೋನಿನಲ್ಲಿದ್ದ ಊರುಗಳು

ನಮ್ಮದು ಹೆಸರು ಬೋರ್ಡು ಯಾವುದೂ ಇಲ್ಲದ ಗುಂಪು. ತುಮಕೂರಿನಲ್ಲಿ ಬೇರೆ ಬೇರೆ ಕೆಲಸ ಮಾಡುವ ಒಂದಷ್ಟು ಜನ ಸೇರಿ, ಬಿಡುವು ಸಿಕ್ಕಾಗ ಹಕ್ಕಿ, ಬೆಟ್ಟ, ಹಳೇ ದೇವಸ್ಥಾನ ಅಂತ ಸುತ್ತುತ್ತೇವೆ. ಪಿಯು ಕಾಲೇಜಿನ ಬಯಾಲಜಿ ಮೇಡಂ ಇದ್ದಾರೆ, ಇನ್ಶೂರೆನ್ಸ್ ಮಾಡಿಸುವ ಗೆಳೆಯ ಇದ್ದಾನೆ, ನಾನಿದ್ದೇನೆ. ಎಲ್ಲರಿಗಿಂತ ಹಳಬರು ಡ್ರೈವರಣ್ಣ. ಟೆಂಪೋ ಟ್ರಾವೆಲರ್ ಅವರದ್ದೇ. ಬಾಡಿಗೆಗೆ ಅಂತ ಬಂದವರು ನಿಧಾನಕ್ಕೆ ಗುಂಪಿನವರೇ ಆಗಿಹೋದರು. ಹೆಸರು ಬರೆಯೋದು ಬೇಡ ಅಂತ ಮನೆಯವರು ಹೇಳಿದ್ದಾರೆ. ಅವರನ್ನು ಹೆಸರಿಟ್ಟು ಕರೆದವರೂ ಕಮ್ಮಿಯೇ.

ಹಕ್ಕಿಗಳ ವಿಷಯದಲ್ಲಿ ಅವರಿಗೆ ಆಸಕ್ತಿ ಸೊನ್ನೆ. ಚಿಕ್ಕದೆಲ್ಲ ಗುಬ್ಬಿ, ದೊಡ್ಡದೆಲ್ಲ ಹದ್ದು, ಅಷ್ಟೇ ಅವರ ಲೆಕ್ಕ. ಒಂದು ಸಲ ಮೇಡಂ ಬಲವಂತವಾಗಿ ಬೈನಾಕ್ಯುಲರ್ ಕೈಗೆ ಕೊಟ್ಟರು. ಅದರಲ್ಲಿ ದೂರದ ಹೋಟೆಲಿನ ಬೋರ್ಡು ಓದಿ, ‘ಊಟ ರೆಡಿ ಇದೆ ಅಂತೆ ಮೇಡಂ’ ಅಂದು ವಾಪಸ್ ಕೊಟ್ಟಿದ್ದರು. ಆದರೆ ರಸ್ತೆಗೆ ಹಾವು ಅಡ್ಡ ಬಂದರೆ ಗಾಡಿ ನಿಲ್ಲಿಸಿ ಇಂಜಿನ್ನೇ ಆಫ್ ಮಾಡುವರು. ಹಿಂದಿನವರು ಹಾರ್ನ್ ಹೊಡೆದರೂ ಅಲುಗಾಡುತ್ತಿರಲಿಲ್ಲ. ‘ಅದಕ್ಕೂ ಏನೋ ಕೆಲಸ ಇರುತ್ತೆ, ಹೋಗ್ಲಿ ಬಿಡಿ.’

ಶಿವರಾತ್ರಿ ಕಳೆದು ಕೆಲವು ದಿನಕ್ಕೆ, ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಹಾರ್ಟ್ ಅಟ್ಯಾಕ್ ಅಂದರು. ಅರವತ್ತೆರಡು ವಯಸ್ಸು.

ತಿಥಿಗೆ ಮುಂಚೆಯೇ ತೊಂದರೆ ಶುರುವಾಗಿತ್ತು. ಅವರ ಕೀಪ್ಯಾಡ್ ಫೋನ್ ನಿಲ್ಲುತ್ತಲೇ ಇರಲಿಲ್ಲ. ಅಕ್ಕನ ಮಗ ಅದನ್ನು ಇಟ್ಟುಕೊಂಡಿದ್ದ. ಈಗ ಗಾಡಿ ಓಡಿಸುತ್ತಿರುವುದೂ ಅವನೇ. ಯಾರ ಫೋನ್ ಅಂತ ನೋಡಿದರೆ ಸ್ಕ್ರೀನ್ ಮೇಲೆ ‘ಕೊಕ್ಕರೆ’ ಅಂತ ಬರುತ್ತದೆ. ಮರುದಿನ ‘ಜಿಂಕೆ’. ಆಮೇಲೆ ‘ಸೋಲಾರ್’. ಡ್ರೈವರಣ್ಣ ಯಾರ ನಂಬರನ್ನೂ ಹೆಸರು ಹಾಕಿ ಸೇವ್ ಮಾಡಿಕೊಂಡಿರಲಿಲ್ಲ. ಹುಡುಗ ಒಂದೆರಡು ಸಲ ಎತ್ತಿ, ಹೇಳೋಕಾಗದೆ, ‘ಮಾವ ಸ್ನಾನಕ್ಕೆ ಹೋಗಿದಾರೆ’ ಅಂತ ಇಟ್ಟಿದ್ದಾನೆ.

ತಿಥಿ ಊಟವೂ ಮುಗಿದ ಮೇಲೆ, ಡ್ರೈವರಣ್ಣನ ಹೆಂಡತಿ, ನಮಗೆಲ್ಲ ಅತ್ತಿಗೆ, ಅವನನ್ನೂ ನಮ್ಮನ್ನೂ ಕೂರಿಸಿಕೊಂಡು ಹೇಳಿದರು: ‘ಫೋನಲ್ಲಿ ಹೇಳಬೇಡಿ. ಅವರು ಅಯ್ಯೋ ಅಂತಾರೆ, ನೀವು ಹೂಂ ಅಂತೀರಿ, ಮುಗೀತು. ಹೋಗಿ ಹೇಳಿ ಬನ್ನಿ. ಯುಗಾದಿ ಒಳಗೆ ಹೋಗಿ.’

ಹಾಗೆ ಹೊರಟಿದ್ದು ಈ ಪ್ರವಾಸ.

ಮೊದಲ ದಿನ: ಕ್ಯಾತಸಂದ್ರ, ಸೀಬಿ, ಕಗ್ಗಲಡು, ಶಿರಾ

ಶಿರಾಕ್ಕೆ ಹೋಗುವವರು ಕ್ಯಾತಸಂದ್ರಕ್ಕೆ ಬರೋದು ಉಲ್ಟಾ ದಾರಿ. ಅದು ಬೆಂಗಳೂರಿನ ಕಡೆ, ಇದು ಪುಣೆಯ ಕಡೆ. ಆದರೆ ಡ್ರೈವರಣ್ಣನ ಜೊತೆ ಎಲ್ಲಿಗೆ ಹೊರಟರೂ ಮೊದಲು ಕ್ಯಾತಸಂದ್ರದ ತಟ್ಟೆ ಇಡ್ಲಿ ಆಗಲೇಬೇಕು. ಅವತ್ತೂ ಆರೂವರೆಗೆ ಅಲ್ಲಿದ್ದೆವು. ಸಿದ್ಧಗಂಗೆಗೆ ಹೊರಟ ಬಸ್ಸುಗಳು, ಬೆಂಗಳೂರಿಗೆ ಕೆಲಸಕ್ಕೆ ಹೋಗುವವರು, ಎಲ್ಲರೂ ಅಷ್ಟು ಹೊತ್ತಿಗೇ ಇಡ್ಲಿಗೆ ನಿಂತಿರುತ್ತಾರೆ.

ಹೋಟೆಲ್ ಅನ್ನುವುದಕ್ಕಿಂತ ಒಂದು ಕೋಣೆ ಅನ್ನಬಹುದು. ಅಗಲವಾದ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟ ಸ್ಟ್ಯಾಂಡು. ಅದನ್ನು ಹಬೆಯಿಂದ ಎತ್ತಿದ ಕೂಡಲೇ ಕೋಣೆಯಲ್ಲಿ ಯಾರ ಮುಖವೂ ಕಾಣುವುದಿಲ್ಲ. ಹಿಟ್ಟಿಗೆ ಸಬ್ಬಕ್ಕಿ ಸೇರಿರುವುದರಿಂದ ಇಡ್ಲಿ ಮುಟ್ಟಿದರೆ ಬೆರಳು ಒಳಕ್ಕೆ ಹೋಗಿ ಮತ್ತೆ ಮೇಲೆ ಬರುತ್ತದೆ. ಮೇಲೊಂದು ಬೆಣ್ಣೆ ಉಂಡೆ. ಮಾಲೀಕರು ತಟ್ಟೆಯ ಅಂಚಿಗೆ ಒದ್ದೆ ಚಮಚ ಆಡಿಸಿ ಇಡ್ಲಿ ಬಿಡಿಸುತ್ತಲೇ ಬಾಗಿಲ ಕಡೆ ನೋಡಿದರು.

‘ಗಾಡಿ ಬಂತು. ಅಣ್ಣ ಇಳೀಲಿಲ್ವಾ?’

ಹೇಳಿದ್ದು ಹುಡುಗ. ಒಂದೇ ಮಾತು. ಮಾಲೀಕರ ಕೈ ನಿಲ್ಲಲಿಲ್ಲ. ಇನ್ನೂ ನಾಲ್ಕು ಇಡ್ಲಿ ಬಿಡಿಸಿ, ನಾಲ್ವರಿಗೆ ಕೊಟ್ಟು, ‘ಈಗ ಗಿರಾಕಿ ಇದಾರೆ. ಮಧ್ಯಾಹ್ನ ಕೂತ್ಕೋತೀನಿ ನಾನು’ ಅಂದರು. ಆಮೇಲೆ ನಮ್ಮ ಟೇಬಲ್ಲಿಗೆ ಬಂದು ಕೇಳಿದ್ದು ಬೇರೆಯೇ ಪ್ರಶ್ನೆ. ‘ಹಂಗಾದ್ರೆ ಕಡ್ಲೆಕಾಯಿ?’

ಯಾವ ಕಡಲೆಕಾಯಿ ಅಂತ ನಾವು ಮುಖ ಮುಖ ನೋಡಿಕೊಂಡೆವು. ಚಟ್ನಿಗೆ ಬೇಕಾದ ಕಡಲೆಕಾಯಿ ಪಾವಗಡದ ಕಡೆಯಿಂದ ಬರುತ್ತಿತ್ತಂತೆ, ನಮ್ಮ ಗಾಡಿಯಲ್ಲೇ, ಕೊನೇ ಸೀಟಿನ ಕೆಳಗೆ. ನಾವು ಬೈನಾಕ್ಯುಲರ್ ಬ್ಯಾಗು ಇಡಲು ಜಾಗ ಇಲ್ಲ ಅಂತ ಆ ಚೀಲಗಳನ್ನು ಕಾಲಲ್ಲಿ ಒತ್ತರಿಸಿ ಕೂರುತ್ತಿದ್ದೆವು. ಮನೆ ಸಾಮಾನು ಇರಬೇಕು ಅಂತಲೇ ಎಲ್ಲರ ಎಣಿಕೆ. ಮಾಲೀಕರು ಒಳಗಿಂದ ಮಡಚಿದ ಖಾಲಿ ಚೀಲ ತಂದು, ಅದರೊಳಗೆ ಒಂದು ಕವರ್ ಇಟ್ಟರು. ‘ಹಿಂದಿನ ಸಲದ ದುಡ್ಡು. ಸೋಲಾರ್‌ನೋರಿಗೆ ಕೊಟ್ಬಿಡಿ. ಚೀಲಾನೂ ಅವರದ್ದೇ.’

ಅಲ್ಲಿಗೆ ‘ಸೋಲಾರ್’ ಯಾರು ಅಂತ ಅರ್ಧ ಗೊತ್ತಾಯಿತು.

ಊರು ದಾಟಿ 48ನೇ ಹೆದ್ದಾರಿ ಹಿಡಿದೆವು. ಹುಡುಗ ಚೆನ್ನಾಗೇ ಓಡಿಸುತ್ತಾನೆ. ಆದರೆ ಎಂಬತ್ತರಲ್ಲಿ ಹೋಗುತ್ತಾನೆ. ಅವನ ಮಾವನ ಗಾಡಿ ಅರವತ್ತು ದಾಟಿದ್ದನ್ನು ನಾವು ನೋಡಿಲ್ಲ. ಯಾರೂ ಏನೂ ಅನ್ನಲಿಲ್ಲ, ಮೇಡಂ ಮಾತ್ರ ಸೀಟಿನ ಕಂಬಿ ಹಿಡಿದುಕೊಂಡರು.

ಹೆದ್ದಾರಿ ಪಕ್ಕದಲ್ಲೇ ಸೀಬಿ. ಇಲ್ಲಿಯ ನರಸಿಂಹ ದೇವಸ್ಥಾನವನ್ನು ಕಟ್ಟಿಸಿದ್ದು ಟಿಪ್ಪು ಕಾಲದ ಅಧಿಕಾರಿ ಕಚೇರಿ ಕೃಷ್ಣಪ್ಪ ಅವರ ಮೂವರು ಮಕ್ಕಳು: ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ. ಮುಂದಿನ ಮಂಟಪದ ಚಾವಣಿ ತುಂಬ ಬಣ್ಣದ ಚಿತ್ರ. ರಾಮಾಯಣ ಇದೆ, ಕೃಷ್ಣನ ಕಥೆ ಇದೆ, ದರ್ಬಾರು ನಡೆಸುವ ಹೈದರಾಲಿಯೂ ಇದ್ದಾನೆ. ಮೈಸೂರು ಸೀಮೆಯಲ್ಲಿ ಆ ಕಾಲದ ಗೋಡೆ ಚಿತ್ರ ನೋಡಬೇಕು ಅನ್ನುವವರು ಶ್ರೀರಂಗಪಟ್ಟಣಕ್ಕೆ ಓಡುತ್ತಾರೆ. ಸೀಬಿಯ ಮುಂದೆಯೇ ಹಾದುಹೋಗುವ ಸಾವಿರಾರು ಕಾರುಗಳಲ್ಲಿ ನಿಲ್ಲುವುದು ಬೆರಳೆಣಿಕೆ.

ಫೋನಿನಲ್ಲಿ ‘ಸೀಬಿ’ ಅಂತ ನಂಬರೇನೂ ಇರಲಿಲ್ಲ. ಆದರೂ ಕೇಳಿದೆವು. ಪೂಜೆಗೆ ಅಣಿ ಮಾಡುತ್ತಿದ್ದವರು ನೆನಪು ಮಾಡಿಕೊಳ್ಳಲು ಸ್ವಲ್ಪ ಕಷ್ಟಪಟ್ಟರು. ‘ಯಾವ ಡ್ರೈವರ್? ದಿನಾ ಎಷ್ಟೋ ಜನ ಬರ್ತಾರಲ್ಲ.’ ಬಿಳಿ ಗಡ್ಡ ಅಂದೆವು, ಎಲೆ ಅಡಿಕೆ ಅಂದೆವು. ಊಹೂಂ. ಕೊನೆಗೆ ಅವರೇ, ‘ಇಲ್ಲಿ ಮಲಗ್ತಿದ್ರಲ್ಲ, ಅವರಾ?’ ಅಂದರು.

ಹೌದು, ಅವರೇ. ನಾವು ಕುತ್ತಿಗೆ ನೋಯುವ ತನಕ ತಲೆ ಎತ್ತಿ ಚಾವಣಿ ನೋಡುತ್ತಿದ್ದರೆ ಡ್ರೈವರಣ್ಣ ಟವೆಲ್ ಹಾಸಿ ಅಂಗಾತ ಮಲಗಿಬಿಡುತ್ತಿದ್ದರು. ನಿದ್ದೆ ಅಂದುಕೊಂಡರೆ, ಮಲಗಿದಲ್ಲಿಂದಲೇ, ‘ಆ ಕುದುರೆಗೆ ಕಾಲು ಐದು ಇದೆ ನೋಡ್ರಿ’ ಅನ್ನುವರು. ಅವತ್ತು ಮೇಡಂ ದುಪಟ್ಟಾ ಹಾಸಿಕೊಂಡು ಮಲಗಿಯೇ ನೋಡಿದರು, ನಾವೂ ಮಲಗಿದೆವು. ನಿಜ ಹೇಳಬೇಕೆಂದರೆ ಆ ಚಿತ್ರಗಳನ್ನು ನೋಡೋಕೆ ಅದೇ ಸರಿಯಾದ ರೀತಿ. ಐದು ಕಾಲಿನ ಕುದುರೆ ಮಾತ್ರ ನಮಗೆ ಸಿಗಲಿಲ್ಲ. ಅವರು ಸುಮ್ನೆ ಹೇಳಿರುತ್ತಾರೆ.

ಕಳ್ಳಂಬೆಳ್ಳ ಕೆರೆಯನ್ನು ಕಿಟಕಿಯಿಂದಲೇ ನೋಡಿದೆವು. ಹೇಮಾವತಿ ನೀರು ಇಲ್ಲಿಗೆ ಬಂದು ಶಿರಾ ಕೆರೆಗೆ ಹೋಗುತ್ತದೆ. ಗೊರೂರಿನ ನೀರು ಈ ಒಣ ಸೀಮೆಗೆ ಬರುವುದು ಅಂದರೆ ಸಣ್ಣ ಮಾತಲ್ಲ. ಇಲ್ಲಿ ಬೋರ್‌ವೆಲ್ ಕೊರೆಸಿ ಸೋತವರ ಕಥೆ ಊರಿಗೊಂದು ಸಿಗುತ್ತದೆ.

ಮಧ್ಯಾಹ್ನಕ್ಕೆ ಕಗ್ಗಲಡು. ಇದು ಶಿರಾ ತಾಲ್ಲೂಕಿನ ಸಣ್ಣ ಊರು. ಇಲ್ಲಿಯ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುತ್ತವೆ. ಕಾಡಲ್ಲಲ್ಲ, ಊರೊಳಗೆ, ಮನೆಗಳ ತಲೆ ಮೇಲೆ. ಕೆಳಗೆ ಹಿಕ್ಕೆ ಬಿದ್ದು ಎಲೆಗಳೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿರುತ್ತವೆ. ಮೀನಿನ ವಾಸನೆ ಊರ ಬಾಗಿಲಲ್ಲೇ ಮೂಗಿಗೆ ಬರುತ್ತದೆ. ಊರವರು ಇದನ್ನೆಲ್ಲ ಸಹಿಸಿಕೊಂಡು ಹಕ್ಕಿಗಳನ್ನು ನೋಡಿಕೊಳ್ಳುತ್ತಾರೆ. ಕಲ್ಲು ಹೊಡೆಯಲು ಬಿಡುವುದಿಲ್ಲ, ಪಟಾಕಿ ಹಚ್ಚಲು ಬಿಡುವುದಿಲ್ಲ.

ಗೂಡುಗಳ ತುಂಬ ಮರಿ. ಬಿಸಿಲು ನೆತ್ತಿಗೆ ಬಂದಿತ್ತು. ಒಂದು ದೊಡ್ಡ ಕೊಕ್ಕರೆ ಗೂಡಿನ ಅಂಚಿನಲ್ಲಿ ನಿಂತು, ಸೂರ್ಯನಿಗೆ ಬೆನ್ನು ಕೊಟ್ಟು, ಎರಡೂ ರೆಕ್ಕೆ ಅರ್ಧ ಬಿಚ್ಚಿ ಮರಿಗಳ ಮೇಲೆ ನೆರಳು ಹಿಡಿದಿತ್ತು. ಕಿತ್ತಳೆ ಬಣ್ಣದ ಬೋಳು ತಲೆ, ತುದಿಯಲ್ಲಿ ಸ್ವಲ್ಪ ಬಾಗಿದ ಉದ್ದ ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಗರಿ. ಬಾಯಿ ಅರ್ಧ ತೆಗೆದು ಏದುಸಿರು ಬಿಡುತ್ತಿತ್ತು. ನಾವು ನೋಡುತ್ತಾ ನಿಂತಷ್ಟು ಹೊತ್ತೂ ಅದು ಜಾಗ ಬಿಡಲಿಲ್ಲ. ಜೊತೆ ಹಕ್ಕಿ ಕೆರೆಯಿಂದ ಬಂದು ಗೂಡಿಗೆ ಮೀನು ಕಕ್ಕಿತು. ಮರಿಗಳು ಬಿದ್ದು ಎದ್ದು ತಿಂದವು. ಇದು ಅಲುಗಾಡಲಿಲ್ಲ. ಮೇಡಂ ಮೂರು ಪುಟ ಬರೆದುಕೊಂಡರು.

‘ಕೊಕ್ಕರೆ’ ಅಂದರೆ ಒಬ್ಬ ಅಜ್ಜಿ. ಮರದ ಆಚೆ ಜಗುಲಿಯಲ್ಲಿ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದರು. ಕಲ್ಲಿನ ಮೇಲೆ ಒಂದೊಂದೇ ಹಣ್ಣು ಇಟ್ಟು, ಸಣ್ಣ ಸುತ್ತಿಗೆಯಲ್ಲಿ ಎರಡು ಪೆಟ್ಟು. ಬೀಜ ಬಲಕ್ಕೆ, ನಾರು ಎಡಕ್ಕೆ, ಹಣ್ಣು ಮುಂದಿನ ಮೊರಕ್ಕೆ. ಬೆರಳುಗಳೆಲ್ಲ ಕಪ್ಪು. ಕೊಕ್ಕರೆ ಕೂತ ಮರದ ಹಣ್ಣನ್ನು ಅವರು ಕೀಳುವುದಿಲ್ಲ. ಇದು ಹೊಲದ ಬದುವಿನ ಮರದ್ದು.

‘ಗಡ್ಡದೋನು ಎಲ್ಲಿ? ಗಾಡೀಲೇ ಮಲಗವ್ನಾ?’

ಈ ಸಲ ಹೇಳಿದ್ದು ನಾನು. ಅಜ್ಜಿ ಇನ್ನೆರಡು ಹಣ್ಣು ಕುಟ್ಟಿದರು.

‘ಯಾವಾಗ?’

‘ಶಿವರಾತ್ರಿ ಆದ್ಮೇಲೆ ಅಜ್ಜಿ.’

‘ವಯಸ್ಸು ಎಷ್ಟಪ್ಪ ಅವನಿಗೆ?’

‘ಅರವತ್ತೆರಡು.’

‘ನಂಗೆ ಎಂಬತ್ತರ ಮೇಲಾಗಯ್ತೆ. ಸರದಿ ತಪ್ಪಿಸಿ ಮುಂದಕ್ಕೆ ನುಗ್ಗವ್ನೆ ನೋಡು!’ ಅಂದು ಬೈಯೋಕೆ ಶುರು ಮಾಡಿದರು. ಬೈಗುಳ ಅಂದರೆ ಬೈಗುಳವೇ. ನನ್ನ ಮಂಡಿನೋವಿನ ಎಣ್ಣೆ ತತ್ತೀನಿ ಅಂದಿದ್ದ, ಮಾತು ತಪ್ಪಿದ. ಹಬ್ಬಕ್ಕೆ ಬತ್ತೀನಿ ಅಂದಿದ್ದ, ಬರ್ಲಿಲ್ಲ. ಫೋನ್ ಮಾಡಿದ್ರೆ ಸ್ನಾನ ಅಂತೆ, ಯಾವೋನು ಅಷ್ಟೊತ್ತು ಸ್ನಾನ ಮಾಡ್ತಾನೆ? ಹುಡುಗ ತಲೆ ತಗ್ಗಿಸಿದ. ಆಮೇಲೆ ಏನೋ ಹೊಳೆದವನ ಹಾಗೆ ಗಾಡಿಗೆ ಹೋಗಿ, ಡ್ಯಾಶ್‌ಬೋರ್ಡಿನ ಡಬ್ಬ ತಡಕಿ, ಪೇಪರಿನಲ್ಲಿ ಸುತ್ತಿದ ಬಾಟಲಿ ತಂದ. ಆಯುರ್ವೇದದ ಎಣ್ಣೆ. ಅಂಗಡಿಯ ಚೀಟಿ ಅದಕ್ಕೇ ಅಂಟಿಕೊಂಡಿತ್ತು.

ಅಜ್ಜಿ ಬಾಟಲಿ ತಿರುಗಿಸಿ ನೋಡಿದರು. ‘ಇದು ಸಣ್ಣದು. ನಾನು ದೊಡ್ಡದು ಹೇಳಿದ್ದೆ’ ಅಂದರು. ಸೆರಗಿನಲ್ಲಿ ಮುಖ ಒರೆಸಿಕೊಂಡದ್ದು ಆಮೇಲೆ.

ಗಾಳಿಗೆ ಮರಿ ಕೆಳಗೆ ಬಿದ್ದರೆ ಅಜ್ಜಿ ಮೊದಲು ಫೋನ್ ಮಾಡುತ್ತಿದ್ದದ್ದು ಡ್ರೈವರಣ್ಣನಿಗಂತೆ. ಅವರು ತುಮಕೂರಿನಿಂದ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ, ಆಮೇಲೆ ಮತ್ತೆ ಅಜ್ಜಿಗೆ ಮಾಡಿ, ‘ಬಂದ್ರಾ? ಮರಿ ಹೆಂಗಿದೆ?’ ಅಂತ ವಿಚಾರಿಸುವರು. ಅವರ ಬಾಯಲ್ಲಿ ಕೊಕ್ಕರೆಯೂ ಹದ್ದೇ ಆಗಿದ್ದಿರಬೇಕು. ಮೇಡಂ ಇದನ್ನು ಕೇಳಿ ತುಂಬಾ ಹೊತ್ತು ಮಾತಾಡಲಿಲ್ಲ.

ಹೊರಡುವಾಗ ಅಜ್ಜಿ ಒಂದು ಕೈಚೀಲ ಹುಣಸೆಹಣ್ಣು ಕೊಟ್ಟರು. ‘ಇದು ನಿಮಗಲ್ಲ. ಯಾರಿಗೆ ಅಂತ ಅವನ ಹೆಂಡ್ತಿಗೆ ಗೊತ್ತು.’

ಸಂಜೆ ಶಿರಾ. ಬಿಜಾಪುರದ ಆದಿಲ್‌ಶಾಹಿ ಕಾಲದಲ್ಲಿ ಇಲ್ಲಿ ಆಳಿದ ಮಲಿಕ್ ರೆಹಾನ್ ಅವರ ಗೋರಿ 1651ರದ್ದು. ಜುಮ್ಮಾ ಮಸೀದಿ 1696ರದ್ದು. ಮುಂದೆ ಮೊಗಲರ ಸುಬೇದಾರರು ಕೂತು ಆಳಿದ ಊರು ಇದು. ದಿಲಾವರ್ ಖಾನನ ಅರಮನೆಯ ಮಾದರಿಯಲ್ಲೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳು ಎದ್ದವು ಅಂತ ಹೇಳುವುದುಂಟು. ಆ ಅರಮನೆ ಈಗಿಲ್ಲ. ಗೋರಿಯ ಗುಮ್ಮಟ ಸಂಜೆ ಬಿಸಿಲಲ್ಲಿ ನೋಡಲು ಚೆಂದ, ಆದರೆ ನಮಗೆ ಹೊತ್ತಾಗಿತ್ತು. ‘ಶಿರಾ ಪಂಚರ್’ ಅಂಗಡಿ ಮುಚ್ಚುವುದರೊಳಗೆ ಹೋಗಬೇಕಿತ್ತು.

ಪಂಚರ್ ಸಾಬರು ಸುದ್ದಿ ಕೇಳಿ ಕಣ್ಣು ಮುಚ್ಚಿ ಪ್ರಾರ್ಥನೆ ಹೇಳಿದರು. ಕಣ್ಣು ತೆರೆದ ಕೂಡಲೇ ಬಗ್ಗಿ ಟೈರು ನೋಡಿದರು. ‘ಹಿಂದಿನದ್ರಲ್ಲಿ ಗಾಳಿ ಕಮ್ಮಿ ಇದೆ ತಮ್ಮಾ. ಎಡಗಡೆದು ಸವೆದೋಗಿದೆ. ಅಣ್ಣ ಇದ್ದಿದ್ರೆ ಇದನ್ನ ಹಾಕ್ಕೊಂಡು ಪಾವಗಡಕ್ಕೆ ಹೋಗ್ತಿದ್ರಾ?’ ಹುಡುಗನಿಗೆ ಅಲ್ಲೇ ಅರ್ಧ ಗಂಟೆ ಪಾಠ. ಟೈರು ಬದಲಾಯಿಸಿ, ಗಾಳಿ ತುಂಬಿ, ದುಡ್ಡು ಪೂರ್ತಿ ತೆಗೆದುಕೊಂಡರು. ಹತ್ತು ರೂಪಾಯಿ ಕೂಡ ಬಿಡಲಿಲ್ಲ. ‘ಅಣ್ಣನ ಹತ್ರಾನೂ ಬಿಡ್ತಿರಲಿಲ್ಲ. ಅವರೂ ಕೇಳ್ತಿರಲಿಲ್ಲ’ ಅಂದರು. ಆ ವ್ಯವಹಾರ ನನಗೆ ಯಾಕೋ ಬಹಳ ಹಿಡಿಸಿತು.

ಎರಡನೇ ದಿನ: ಪಾವಗಡ

ಬೇಗ ಹೊರಟೆವು. ಹುಡುಗನ ಸ್ಪೀಡು ಅರವತ್ತಕ್ಕೆ ಇಳಿದಿತ್ತು. ಕಾರಣ ಯಾರೂ ಕೇಳಲಿಲ್ಲ.

ಪಾವಗಡ ತುಮಕೂರು ಜಿಲ್ಲೆಯದ್ದೇ ತಾಲ್ಲೂಕು, ಆದರೆ ಸುತ್ತ ಬಹುಪಾಲು ಆಂಧ್ರ. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಒಂದೇ ವಾಕ್ಯದಲ್ಲಿ ಎರಡೂ ಬರುತ್ತವೆ, ಯಾರಿಗೂ ತೊಡಕಿಲ್ಲ. ಊರಿನ ಶನಿಮಹಾತ್ಮ ದೇವಸ್ಥಾನಕ್ಕೆ ಹೋಗಿ ಎಳ್ಳೆಣ್ಣೆ ದೀಪ ಹಚ್ಚಿದೆವು. ಅವತ್ತು ಶನಿವಾರ. ಜನ ಅಂದರೆ ಜನ.

ಸೋಲಾರ್ ಪಾರ್ಕು ಇರುವುದು ತಿರುಮಣಿ ಕಡೆ. ವಳ್ಳೂರು, ಬಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ತಿರುಮಣಿ, ಹೀಗೆ ಐದು ಊರಿನ ಜಮೀನು ಸೇರಿ ಸುಮಾರು 13,000 ಎಕರೆ. 2018ರಲ್ಲಿ ಶುರುವಾಯಿತು. ಸಾಮರ್ಥ್ಯ 2,050 ಮೆಗಾವ್ಯಾಟ್. ಸರ್ಕಾರ ಜಮೀನು ಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈ ಸುಟ್ಟುಕೊಂಡವರಿಗೆ ಇದು ಖಚಿತವಾದ ದುಡ್ಡು. ಆದರೆ ಜಮೀನು ಇಲ್ಲದೆ ಕೂಲಿ ಮಾಡಿಕೊಂಡಿದ್ದವರಿಗೆ ಗುತ್ತಿಗೆಯೂ ಇಲ್ಲ, ಕಳೆ ಕೀಳುವ ಕೆಲಸವೂ ಇಲ್ಲ. ಎರಡೂ ನಿಜ. ಅಲ್ಲಿ ಯಾರ ಜೊತೆ ಮಾತಾಡುತ್ತೀರಿ ಅನ್ನುವುದರ ಮೇಲೆ ಕಥೆ ಬದಲಾಗುತ್ತದೆ.

ಕಣ್ಣು ಹಾಯಿಸಿದಷ್ಟು ದೂರ ಕಪ್ಪು ನೀಲಿ ಫಲಕ. ರಸ್ತೆ ಬದಿಯ ಟೀ ಅಂಗಡಿಯಲ್ಲಿ ‘ಸೋಲಾರ್’ ಸಿಕ್ಕರು. ನಮ್ಮ ವಯಸ್ಸಿನವರೇ. ಜಮೀನು ಗುತ್ತಿಗೆಗೆ ಕೊಟ್ಟು, ಸುಮ್ಮನೆ ಕೂರಲಾಗದೆ ಅಂಗಡಿ ಹಾಕಿದ್ದಾರೆ. ಕಡಲೆಕಾಯಿ ಅವರ ತಂಗಿಯ ಹೊಲದ್ದು. ಚೀಲ, ಕವರ್ ಎರಡೂ ಕೊಟ್ಟು ಸುದ್ದಿ ಹೇಳಿದೆವು. ಕವರ್ ಬಿಚ್ಚದೆ ಜೇಬಿಗಿಟ್ಟು, ಟೀ ಸೋಸಿ ಕೊಟ್ಟರು. ಐದು ಜನಕ್ಕೆ ಆಗುವಷ್ಟು. ನಾವು ನಾಲ್ವರು. ಐದನೇ ಲೋಟ ನೋಡಿ ಅವರೇ ಕುಡಿದರು.

ಮೇಡಂ ಮಾತಿಗೆ ಅಂತ, ‘ಈಗ ಎಕರೆಗೆ ಎಷ್ಟು ಕೊಡ್ತಾರೆ?’ ಅಂದರು. ಅವರು ಹೇಳಿದರು. ಸ್ವಲ್ಪ ಹೊತ್ತಿಗೆ ತಂತಿಬೇಲಿ ಹತ್ತಿರ ಕರೆದುಕೊಂಡು ಹೋಗಿ ಕೈ ತೋರಿಸಿದರು.

‘ಆ ಮೂರನೇ ಸಾಲಿನ ಕೆಳಗೆ ನಮ್ಮ ಬಾವಿ ಇತ್ತು. ಅಲ್ಲಿಂದ ಆಚೆ ಕಡ್ಲೆಕಾಯಿ, ಈಚೆ ರಾಗಿ. ಬದುವಲ್ಲಿ ಎರಡು ಬೇವಿನ ಮರ. ಅಣ್ಣ ಬಂದಾಗೆಲ್ಲ ಇದನ್ನೇ ಕೇಳೋರು. ಬಾವಿ ಎಲ್ಲಿತ್ತು, ಎಷ್ಟು ಮಟ್ಟು ಆಳ, ಕಪಿಲೆ ಹೊಡೀತಿದ್ರಾ, ಎತ್ತಿನ ಹೆಸರು ಏನು. ಬಾಡಿಗೆ ಎಷ್ಟು ಬರುತ್ತೆ ಅಂತ ಕೇಳದೇ ಇದ್ದೋರು ಅವರೊಬ್ರೇ ಸಾರ್.’

ಮೇಡಂ ಬೇಲಿ ಕಡೆಗೇ ನೋಡುತ್ತಿದ್ದರು. ಎತ್ತಿನ ಹೆಸರು ಏನು ಅಂತ ನಾನು ಕೇಳಿದೆ. ‘ರಾಮುಡು, ಲಕ್ಷ್ಮುಡು’ ಅಂದು ನಕ್ಕರು.

ಹೊಸ ಚೀಲ ಗಾಡಿ ಹತ್ತಿತು. ಈ ಸಲ ಇನ್ಶೂರೆನ್ಸ್ ಗೆಳೆಯ ತನ್ನ ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡ.

ಮಿಡಿಗೇಶಿ ಬೆಟ್ಟದ ಕೆಳಗೆ ಹಾದು ಮಧುಗಿರಿ ಸೇರುವಾಗ ಕತ್ತಲು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಏಷ್ಯಾದಲ್ಲೇ ಎರಡನೇ ದೊಡ್ಡದು ಅಂತ ಎಲ್ಲರೂ ಹೇಳುತ್ತಾರೆ. ಅಳೆದವರು ಯಾರೋ, ನನಗಂತೂ ಅದರ ಬುಡದಲ್ಲಿ ನಿಂತರೆ ಮೊದಲನೇದು ಅಂದರೂ ನಂಬುವ ಹಾಗಿರುತ್ತದೆ. ಮೇಲೆ ಕೋಟೆ ಇದೆ. ಕಡಿದಾದ ಕಡೆ ಕಲ್ಲಿನಲ್ಲೇ ಕೊರೆದ ಮೆಟ್ಟಿಲು, ಹಿಡಿಯಲು ಕಬ್ಬಿಣದ ಸರಳು. ಡ್ರೈವರಣ್ಣ ಒಮ್ಮೆಯೂ ಹತ್ತಲಿಲ್ಲ. ‘ಮೇಲೆ ಹೋದ್ರೆ ಬೆಟ್ಟ ಎಲ್ಲಿ ಕಾಣುತ್ತೆ?’ ಅನ್ನುವರು. ಮೆಸ್ಸಿನಲ್ಲಿ ಮುದ್ದೆ, ಹುರುಳಿ ಸಾರು ತಿಂದು ಮಲಗಿದೆವು. ಬಡಿಸುವವರು ಹೊಸಬರು, ಅವರಿಗೆ ಯಾರ ಪರಿಚಯವೂ ಇರಲಿಲ್ಲ.

ಮೂರನೇ ದಿನ: ಮೈದನಹಳ್ಳಿ, ದೇವರಾಯನದುರ್ಗ, ಮನೆ

ಬೆಳಕು ಹರಿಯುವ ಮುಂಚೆ ಮೈದನಹಳ್ಳಿ. ಕಾಗದದಲ್ಲಿ ಇದರ ಹೆಸರು ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶ. 798 ಎಕರೆ ಹುಲ್ಲುಗಾವಲು, 2007ರಲ್ಲಿ ಮೀಸಲು ಅಂತ ಘೋಷಣೆಯಾಯಿತು. ಬಯಲು ಅಂದರೆ ಖಾಲಿ ಜಾಗ, ಏನಾದರೂ ನೆಟ್ಟರೆ ಒಳ್ಳೆಯದು ಅನ್ನುವವರು ಇಲ್ಲಿಗೊಮ್ಮೆ ಬರಬೇಕು. ಈ ಹುಲ್ಲು ಹೋದರೆ ಕೃಷ್ಣಮೃಗ ಹೋಯಿತು. ಅದಕ್ಕೆ ಕಾಡು ಬೇಡ, ಕಣ್ಣಿಗೆ ದೂರ ಕಾಣಬೇಕು, ಓಡಲು ಜಾಗ ಬೇಕು.

ಮಂಜು ತೆಳುವಾಗಿತ್ತು. ಮೊದಲು ಕಂಡದ್ದು ಕಿವಿಗಳು. ಆಮೇಲೆ ಕಂದು ಬಣ್ಣದ ಹೆಣ್ಣುಗಳು, ಅವುಗಳ ಹಿಂದೆ ಒಂದು ಗಂಡು. ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕಣ್ಣಿನ ಸುತ್ತ ಬಿಳಿ ಉಂಗುರ, ತಿರುಚಿದ ಕೊಂಬು. ತಲೆ ಎತ್ತಿ, ಮೂಗು ಮೇಲೆ ಮಾಡಿ, ಕೊಂಬನ್ನು ಬೆನ್ನಿಗೆ ತಾಗಿಸಿಕೊಂಡು ಠೀವಿಯಿಂದ ನಡೆಯುತ್ತಿತ್ತು. ಹೆಣ್ಣುಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

‘ಜಿಂಕೆ’ ಅಂದರೆ ಇಲ್ಲಿಯ ವಾಚರ್. ಖಾಕಿ ಅಂಗಿ ಹಾಕಿಕೊಂಡು ಸೈಕಲ್ ತಳ್ಳುತ್ತಾ ಬಂದರು. ಗೆಳೆಯ ಗಂಟಲು ಸರಿ ಮಾಡಿಕೊಂಡು ಹೇಳಲು ಹೊರಟ. ಅವರು ಕೈ ಎತ್ತಿ ತಡೆದರು.

‘ಗೊತ್ತು ಸಾರ್. ತಿಥಿಗೆ ಬಂದಿದ್ದೆ. ನಿಮ್ಮ ಎದುರು ಸಾಲಲ್ಲೇ ಊಟಕ್ಕೆ ಕೂತಿದ್ದೆ. ಪಾಯಸ ಇನ್ನೊಂದ್ ಸಲ ಹಾಕಿಸ್ಕೊಂಡ್ರಲ್ಲ ನೀವು.’

ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ ಅವರನ್ನು ನಮ್ಮಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ. ಫೋನಿನಲ್ಲಿ ಹುಡುಗ ‘ಸ್ನಾನಕ್ಕೆ ಹೋಗಿದಾರೆ’ ಅಂದಾಗ ಅವನ ದನಿ ಕೇಳಿಯೇ ಅನುಮಾನ ಬಂತಂತೆ. ಮಧುಗಿರಿಯಲ್ಲಿ ಯಾರನ್ನೋ ವಿಚಾರಿಸಿ, ರಜೆ ಹಾಕಿ, ಕೊರಟಗೆರೆ ಮೇಲೆ ಬಸ್ಸಿನಲ್ಲಿ ಬಂದು, ಊಟ ಮಾಡಿ, ಫೋಟೋಗೆ ಹೂವು ಹಾಕಿ, ಸಂಜೆ ಡ್ಯೂಟಿಗೆ ವಾಪಸ್.

‘ಮಾತಾಡಿಸಬಾರದಿತ್ತಾ?’ ಅಂದೆ.

‘ನೀವೆಲ್ಲ ದುಃಖದಲ್ಲಿದ್ರಿ’ ಅಂದರು. ಪಾಯಸದ ಮಾತು ಆದ ಮೇಲೆ ಇದನ್ನು ಹೇಗೆ ತೆಗೆದುಕೊಳ್ಳಬೇಕೋ ತಿಳಿಯಲಿಲ್ಲ. ಅವರು ನಗುತ್ತಿದ್ದರು. ನಾವೂ ನಕ್ಕೆವು. ಪ್ರವಾಸ ಹೊರಟ ಮೇಲೆ ಎಲ್ಲರೂ ಒಟ್ಟಿಗೆ ನಕ್ಕದ್ದು ಆಗಲೇ ಇರಬೇಕು.

ವಾಚ್‌ಟವರಿನ ಕೆಳಗೆ ಕೂತು ಅವರು ಡ್ರೈವರಣ್ಣನ ಬಗ್ಗೆ ಹೇಳಿದ್ದು ಹೆಚ್ಚೇನಿಲ್ಲ. ನಾವೆಲ್ಲ ಮೇಲೆ ಹತ್ತಿ ಹಕ್ಕಿ ನೋಡುವಾಗ ಇಬ್ಬರೂ ಕೆಳಗೆ ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದರು. ಜಿಂಕೆಗಳು ರಾತ್ರಿ ಕಡಲೆಕಾಯಿ ಹೊಲಕ್ಕೆ ನುಗ್ಗಿದರೆ ಊರಿನವರು ಬೈಯುವುದು ಇವರನ್ನು. ಆ ಬೈಗುಳವನ್ನೆಲ್ಲ ಇವರು ಡ್ರೈವರಣ್ಣನಿಗೆ ಒಪ್ಪಿಸುತ್ತಿದ್ದರು. ‘ಕೇಳಿಸ್ಕೊಂಡು, ಹೌದಾ, ಆಮೇಲೆ? ಅನ್ನೋರು. ಅಷ್ಟೇ. ನಂಗೆ ಅಷ್ಟೇ ಬೇಕಿದ್ದದ್ದು.’ ಹಲಸಿನ ಸಸಿ ಒಂದು ತಂದುಕೊಡುತ್ತೇನೆ ಅಂದಿದ್ದರಂತೆ. ಚೇಳೂರಿನ ಸಿದ್ದು ಹಲಸು, ಕೆಂಪು ತೊಳೆಯದ್ದು, ಕಸಿ ಕಟ್ಟಿದ್ದೇ ಆಗಬೇಕು ಅಂತ ಇವರ ಹಟ. ಬೀಜದಿಂದ ಬಂದ ಗಿಡ ತಾಯಿ ಮರದ ಹಾಗೆಯೇ ಕಾಯಿ ಬಿಡುತ್ತದೆ ಅಂತ ನೆಚ್ಚಿಕೊಳ್ಳಲಾಗುವುದಿಲ್ಲ, ಅದಕ್ಕೆ. ‘ಆತುರ ಏನಿಲ್ಲ’ ಅಂತ ಎರಡು ಸಲ ಹೇಳಿದರು. ಆತುರ ಇರುವವರೇ ಹಾಗೆ ಹೇಳುವುದು.

ಕೊರಟಗೆರೆ ದಾಟಿ ದೇವರಾಯನದುರ್ಗಕ್ಕೆ ಬರುವಾಗ ಬಿಸಿಲು ಸುಡುತ್ತಿತ್ತು. ಮೈದನಹಳ್ಳಿಯ ಮೀಸಲು ಪ್ರದೇಶಕ್ಕೆ ಹೆಸರು ಕೊಟ್ಟ ಜಯಮಂಗಲಿ ಹೊಳೆ ಹುಟ್ಟುವುದು ಈ ಬೆಟ್ಟದಲ್ಲೇ. ಕೊರಟಗೆರೆ, ಮಧುಗಿರಿ ಸೀಮೆ ಹಾದು ಆಂಧ್ರದಲ್ಲಿ ಪೆನ್ನಾರ್ ಸೇರುತ್ತದೆ. ಈಗ ಮರಳು ಬಿಟ್ಟರೆ ಏನೂ ಕಾಣಲಿಲ್ಲ. ಕೆಳಗೆ ಭೋಗ ನರಸಿಂಹ, ತುದಿಯಲ್ಲಿ ಯೋಗ ನರಸಿಂಹ. ‘ಬೆಟ್ಟ ಕಾಫಿ’ಯ ಅಂಗಡಿಗೆ ಬೀಗ ಹಾಕಿತ್ತು, ನಂಬರ್ ಸ್ವಿಚ್ ಆಫ್. ಅಕ್ಕಪಕ್ಕದಲ್ಲಿ ಕೇಳಿದರೆ ಮಗಳ ಬಾಣಂತನಕ್ಕೆ ಹೋಗಿದ್ದಾರೆ ಅಂದರು. ಒಳ್ಳೆಯದೇ ಆಯಿತು, ಅವರಿಗೆ ಈಗಲೇ ಈ ಸುದ್ದಿ ಬೇಡ.

ನಾಮದ ಚಿಲುಮೆಯಲ್ಲಿ ಬಂಡೆಯೊಳಗಿಂದ ನೀರು ಎಂದಿನಂತೆ ಬರುತ್ತಿತ್ತು. ಹಣೆಗೆ ನಾಮ ಹಚ್ಚಲು ನೀರಿಲ್ಲದೆ ರಾಮ ಬಾಣ ಹೊಡೆದದ್ದು ಇಲ್ಲಿಗೇ ಅಂತ ಐತಿಹ್ಯ. ಸಲೀಂ ಅಲಿ ಮೈಸೂರು ಸೀಮೆಯ ಹಕ್ಕಿಗಳ ಸಮೀಕ್ಷೆಗೆ ಬಂದಾಗ ಉಳಿದುಕೊಂಡಿದ್ದ ಬಂಗಲೆ ಪಕ್ಕದಲ್ಲೇ ಇದೆ. ಬಂಡೆ ಬದಿಯ ಪೊದೆಯಲ್ಲಿ ಹಳದಿ ಗಂಟಲಿನ ಪಿಕಳಾರ ಅರ್ಧ ನಿಮಿಷ ಕಾಣಿಸಿತು. ದಕ್ಷಿಣದ ಕಲ್ಲುಗುಡ್ಡಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ಮೇಡಂ ಉಸಿರು ಬಿಗಿಹಿಡಿದು, ‘ನೋಡಿದ್ರಾ?’ ಅಂದರು. ಹುಡುಗ ನೋಡಿದ. ‘ಗುಬ್ಬಿ ಅಲ್ವಾ ಮೇಡಂ?’

ಸಂಜೆ ಮನೆಗೆ ಹೋದಾಗ ಅತ್ತಿಗೆ ಚೀಲಗಳನ್ನು ನೋಡಿಯೇ ಯಾರು ಸಿಕ್ಕರು, ಯಾರು ಸಿಗಲಿಲ್ಲ ಅಂತ ಹೇಳಿಬಿಟ್ಟರು. ಕಡಲೆಕಾಯಿ ನಾಳೆ ಬೆಳಿಗ್ಗೆಯೇ ಹೋಗಬೇಕು, ಹೋಟೆಲಿನವರ ಸ್ಟಾಕು ಮುಗಿದಿರುತ್ತದೆ. ಹುಣಸೆಹಣ್ಣು ಗುಬ್ಬಿಯಲ್ಲಿ ಒಬ್ಬರಿಗೆ. ಅಜ್ಜಿಗೆ ದೊಡ್ಡ ಬಾಟಲಿ ಎಣ್ಣೆಯನ್ನೇ ಹೇಳಿದ್ದರು, ಅಂಗಡಿಯಲ್ಲಿ ಇರಲಿಲ್ಲ, ಬಂದ ಮೇಲೆ ತಂದರಾಯಿತು ಅಂತ ಸಣ್ಣದು ತಂದಿದ್ದು. ಸೋಲಾರ್‌ನೋರ ತಂಗಿಗೆ ಬ್ಲೌಸ್ ಪೀಸ್ ಒಂದು ಬಾಕಿ ಇದೆ. ಅದು ಯಾಕೆ ಅಂತ ಕೇಳಬೇಡಿ, ಅದೊಂದು ದೊಡ್ಡ ಕಥೆ.

ಪ್ರವಾಸದ ಲೆಕ್ಕಕ್ಕೆ ಹುಡುಗ ಡೀಸೆಲ್ಲಿನ ದುಡ್ಡು ಮಾತ್ರ ಸಾಕು ಅಂದ. ಅತ್ತಿಗೆ ಬೈದರು. ‘ನಿಮ್ಮ ಮಾವ ಯಾವತ್ತಾದರೂ ಬಾಡಿಗೆ ಬಿಟ್ಟಿದ್ದು ನೋಡಿದ್ಯಾ? ಟೈರ್ ಬೇರೆ ಹಾಕಿಸಿದೀಯ. ಪೂರ್ತಿ ತಗೋ.’ ಪೂರ್ತಿ ಕೊಟ್ಟೆವು.

ಆಮೇಲೆ ಫೋನ್ ತೆಗೆದು ಉಳಿದ ನಂಬರುಗಳನ್ನು ಓದಿಸಿದರು. ‘ಹಲಸು’, ‘ಕಲ್ಲೂರು ಮಗ್ಗ’, ‘ಕಡಬ ಕೆರೆ’, ‘ರೈಲ್ವೆ ಗೇಟ್’. ಎಲ್ಲ ಗುಬ್ಬಿ ಕಡೆಯವು. ಒಂದಷ್ಟು ದಿನ ಬಿಟ್ಟು, ಚೇಳೂರು ಸಂತೆಗೆ ಹಲಸು ಬರೋಕೆ ಶುರುವಾದ ಮೇಲೆ ಹೋಗೋದು ಅಂತ ಆಯಿತು. ಸಸಿಯೂ ಅಲ್ಲೇ ಸಿಗುತ್ತದೆ. ಮೇಡಂಗೆ ಪರೀಕ್ಷೆ ಪೇಪರ್ ತಿದ್ದುವ ಕೆಲಸ ಮುಗಿಯಬೇಕು, ಗೆಳೆಯ ಮಾರ್ಚ್ ಲೆಕ್ಕ ಒಪ್ಪಿಸಬೇಕು. ಈ ಸಲ ಅತ್ತಿಗೆಯೂ ಬರುತ್ತಾರಂತೆ. ಮುಂದಿನ ಸೀಟು ತಮಗೇ ಇರಲಿ, ಹಿಂದೆ ಕೂತರೆ ವಾಂತಿ ಬರುತ್ತೆ ಅಂದಿದ್ದಾರೆ.